ಬಾವಿಗಿಳಿದ ಎಂಜಿನ್ನು

ಕದಿರೇಪಾಳ್ಯ, ಮಡಕಶಿರಾ ತಾಲ್ಲೂಕು
12 ಫೆಬ್ರವರಿ 1939

ಅಪ್ಪನಿಗೆ ಆದಿಲಕ್ಷ್ಮಿಯ ನಮಸ್ಕಾರ.

ನಾನು ಚೆನ್ನಾಗಿದ್ದೇನೆ. ಅವ್ವನಿಗೆ ಈ ಕಾಗದವನ್ನು ಗಟ್ಟಿಯಾಗಿ ಓದಿ ಹೇಳಿ. ಆದರೆ ಎಂಜಿನ್ನಿನ ಭಾಗ ಬಂದಾಗ ಬೈಯುತ್ತ ಓದಬೇಡಿ. ಯಾವುದು ನನ್ನ ಮಾತು, ಯಾವುದು ನಿಮ್ಮ ಬೈಗುಳ ಎಂದು ಅವಳಿಗೆ ತಿಳಿಯದೆ ಹೋಗುತ್ತದೆ.

ಹೌದು, ಎಂಜಿನ್ನು. ಹಿಂದೂಪುರದ ಎಣ್ಣೆ ಗಿರಣಿಯವರು ಬೇಡವೆಂದು ಬಿಟ್ಟ ಹಳೆಯ ಆಯಿಲ್ ಎಂಜಿನ್ನೊಂದನ್ನು ನಿಮ್ಮ ಅಳಿಯಂದಿರು ಗಾಡಿಯಲ್ಲಿ ಹಾಕಿಕೊಂಡು ಬಂದಿದ್ದಾರೆ. ಎಂಜಿನ್ನೂ ಪಂಪೂ ಒಂದೇ ಕಬ್ಬಿಣದ ಅಡಿಗಟ್ಟಿನ ಮೇಲೆ ಬೋಲ್ಟು ಬಿಗಿದು ಕೂತಿವೆ. ಎತ್ತುಗಳನ್ನು ಇಳಿಜಾರಿನಲ್ಲಿ ಹೊಡೆದು ಕಪಿಲೆಯ ತೊಗಲು ಬಾನೆಯಲ್ಲಿ ಎಷ್ಟು ನೀರೆತ್ತಿದರೂ ಹಿಪ್ಪುನೇರಳೆ ತೋಟದ ಅರ್ಧಕ್ಕೇ ಸಾಲುತ್ತದೆ, ಉಳಿದರ್ಧ ಪ್ರತಿ ಬೇಸಿಗೆಯೂ ಒಣಗುತ್ತದೆ. ಎಲೆ ಇಲ್ಲದೆ ಹೋದ ವರ್ಷ ರೇಷ್ಮೆಹುಳುಗಳನ್ನು ಬುಟ್ಟಿಗಟ್ಟಲೆ ತಿಪ್ಪೆಗೆ ಸುರಿದದ್ದನ್ನು ನಾನೇ ಕಂಡಿದ್ದೇನೆ. ಈ ಯುಗಾದಿಗೆ ಇಡೀ ತೋಟಕ್ಕೆ ನೀರು ಹಾಯಿಸುತ್ತೇನೆ ಎಂದು ಇವರು ಊರಿಗೆಲ್ಲ ಹೇಳಿಕೊಂಡು ಬಂದಿದ್ದಾರೆ.

ಎಂಜಿನ್ನನ್ನು ಬಾವಿಯ ದಡದ ಮೇಲೆ ಕೂರಿಸಿ, ಪೈಪನ್ನು ನೀರಿಗೆ ಇಳಿಬಿಟ್ಟು, ಕಾಯಿ ಒಡೆದು ಶುರುಮಾಡಿದರು. ಎಂಜಿನ್ನು ಊರಿಗೆಲ್ಲ ಕೇಳುವಂತೆ ಓಡಿತು. ನೀರು ಮಾತ್ರ ಬರಲಿಲ್ಲ. ಪಂಪಿಗೆ ಕೊಡದಿಂದ ನೀರು ತುಂಬಿ ನೋಡಿದರು, ಪೈಪಿನ ಸಂದಿಗೆಲ್ಲ ಸೆಣಬು ಸುತ್ತಿ ನೋಡಿದರು. ಬಾವಿ ತೋಡುವ ಎರ್ರಪ್ಪ ಹಗ್ಗ ಬಿಟ್ಟು ಅಳೆದ: ದಡದಿಂದ ನೀರಿಗೆ ನಲವತ್ತೈದು ಅಡಿ. ನೋಡಲು ಬಂದವರೊಬ್ಬರು, "ಸದ್ದು ಸ್ಯಾನೆ ಚೆನ್ನಾಗೈತಪ್ಪ, ಹೊಲಕ್ಕೆ ಅದನ್ನೇ ಬುಡು" ಎಂದು ಹೇಳಿ ಹೋದರು. ಆ ದಿನ ಇವರು ಊಟ ಮಾಡಲಿಲ್ಲ.

ಹಾಗಾಗಿ ನನಗೊಂದು ಕುತೂಹಲ ಹುಟ್ಟಿತು. ಪಂಪು ಯಾಕೆ ನೀರು ಎಳೆಯುವುದಿಲ್ಲ? ಇದು ನನ್ನದೇ ಪ್ರಶ್ನೆ. ಬೇರೆ ಯಾರೂ ಕೇಳು ಎಂದಿಲ್ಲ. ನಿಮ್ಮ ಅಳಿಯಂದಿರು ನನ್ನ ಹತ್ತಿರ ಕೂಡ ಇಲ್ಲ, ಜಗಲಿಯ ಆ ತುದಿಯಲ್ಲಿ ಕೂತು ಆಗಿನಿಂದಲೂ ಒಂದೇ ಲಾಟೀನಿನ ಗಾಜು ಒರೆಸುತ್ತಿದ್ದಾರೆ.

ನಿಮ್ಮ ಮಗಳು
ಆದಿಲಕ್ಷ್ಮಿ


ರಾಯದುರ್ಗ
17 ಫೆಬ್ರವರಿ 1939

ಮಗಳೇ,

ನಿನ್ನ ಕುತೂಹಲ ತಲುಪಿತು. ಭಾಗಾಕಾರ ಹೇಳಿಕೊಡುವಾಗ ತೂಕಡಿಸುತ್ತಿದ್ದ ಹುಡುಗಿಗೆ ಈಗ ಪಂಪಿನ ವಿದ್ಯೆ ಬೇಕಾಗಿದೆ. ಸಂತೋಷ. ನಿನ್ನ ಕುತೂಹಲಕ್ಕೆ ಮೀಸೆ ಬಂದಿರುವುದು ನನಗೆ ಇಲ್ಲಿಂದಲೇ ಕಾಣುತ್ತದೆ, ಆದರೂ ಹೇಳುತ್ತೇನೆ.

ಪಂಪು ನೀರನ್ನು ಎಳೆಯುವುದೇ ಇಲ್ಲ. ಬಾವಿಯ ನೀರಿನ ಮೇಲೆ ಗಾಳಿ ಕೂತಿದೆ, ಗಾಳಿಗೂ ತೂಕವಿದೆ. ಪಂಪು ಪೈಪಿನೊಳಗಿನ ಗಾಳಿಯನ್ನು ತೆಗೆದು ಜಾಗ ಮಾಡಿಕೊಡುತ್ತದೆ, ಅಷ್ಟೇ. ಹೊರಗಿನ ಗಾಳಿ ನೀರನ್ನು ಒತ್ತಿ ಆ ಜಾಗಕ್ಕೆ ಏರಿಸುತ್ತದೆ. ಏರಿಸುವ ಶಕ್ತಿಗೊಂದು ಮಿತಿ ಉಂಟು. ಹೊಸ ಪಂಪಾದರೆ ಇಪ್ಪತ್ತೈದು ಅಡಿ, ನಿಮ್ಮದರಂಥ ಹಳೆಯದಾದರೆ ಇಪ್ಪತ್ತರ ಒಳಗೆ. ನಲವತ್ತೈದು ಅಡಿ ಮೇಲೆ ಕೂತು ನೀವು ಇನ್ನೊಂದು ಬಂಡಿ ಕಾಯಿ ಒಡೆದರೂ ನೀರು ಬಾರದು. ಕೈಗೆ ಸಿಕ್ಕಿದ ನೀರನ್ನು ಮೇಲಕ್ಕೆ ತಳ್ಳುವುದಾದರೆ ಪಂಪು ಬೇಕಾದಷ್ಟು ತಳ್ಳುತ್ತದೆ. ಆದ್ದರಿಂದ ಪಂಪು ಬಾವಿಗೆ ಇಳಿಯಬೇಕು, ನೀರಿನ ಹತ್ತಿರ ಹೋಗಬೇಕು.

ಇನ್ನೊಂದು ಮಾತು. ಈ ಬೇಸಿಗೆ ಪೂರ್ತಿ ಮುಗಿಯುವ ತನಕ ಕಪಿಲೆ ಬಿಚ್ಚಬೇಡಿ, ಎತ್ತು ಮಾರಬೇಡಿ. ನಾನು ಎಂಜಿನ್ನು ನೋಡಿಕೊಳ್ಳುವ ಐಸ್ ಕಾರ್ಖಾನೆಯಲ್ಲಿ ಇಷ್ಟು ದೊಡ್ಡ ಪಂಪು ಇದ್ದರೂ ಪಕ್ಕದಲ್ಲಿ ಕೈಪಂಪೊಂದು ಎಣ್ಣೆ ಹಚ್ಚಿಸಿಕೊಂಡು ನಿಂತೇ ಇರುತ್ತದೆ. ಯಂತ್ರ ಯಾವಾಗ ಮುನಿಯುತ್ತದೆ ಎಂದು ಹೇಳಿ ಮುನಿಯುವುದಿಲ್ಲ.

ನಿನ್ನ ಗಂಡನೂ ಹಾಗೇ. ಆಯುಧಪೂಜೆಯ ದಿನ ನಾನೇನು ಅಂಥ ಮಾತಂದೆ? ನಮ್ಮ ಕಾರ್ಖಾನೆಯ ಎಂಜಿನ್ನು ಕೈಯಿಂದ ತಿರುಗುವಂಥದಲ್ಲ. ಕಬ್ಬಿಣದ ಬುರುಡೆಯಲ್ಲಿ ಗಾಳಿಯನ್ನು ಅಮುಕಿ ತುಂಬಿಟ್ಟು, ಅದನ್ನು ಒಮ್ಮೆಗೇ ಬಿಟ್ಟು ಎಬ್ಬಿಸಬೇಕು. ಇವನು ಹೂವಿನ ಹಾರ ಹಾಕಿದ ಬುರುಡೆಯ ಹತ್ತಿರ ಹೋಗಿ, ಏನಾಗುತ್ತದೋ ನೋಡೋಣ ಎಂದು ತಿರುಪು ತಿರುಗಿಸಿದ. ಇದ್ದ ಗಾಳಿಯೆಲ್ಲ ಪೂಜೆಗೆ ಬಂದವರ ಮುಂದೆ ಬುಸ್ಸೆಂದು ಹೋಯಿತು. ಮತ್ತೆ ಕೈಯಿಂದ ಗಾಳಿ ತುಂಬುವಷ್ಟರಲ್ಲಿ ಮಾರನೆಯ ದಿನ ಬಳ್ಳಾರಿ ರೈಲಿಗೆ ಹೋಗಬೇಕಾದ ಐಸೆಲ್ಲ ಮೋರಿಗೆ ಹೋಯಿತು. ಪೂಜೆಗೆ ಬಂದವರೆಲ್ಲ ನಮ್ಮ ಮನೆಯಲ್ಲಿ ಊಟಕ್ಕೆ ಕೂತಾಗ ನಾನು, "ಎತ್ತಿನ ಬಾಲ ತಿರುವೋ ಕೈಯಿ, ವಾಲ್ವು ಯಾಕ ಮುಟ್ಟಬೇಕಿತ್ತಪಾ" ಅಂದೆ. ಎಲ್ಲರೂ ನಕ್ಕರು. ಅವನು ಉಣ್ಣದೆ ಎದ್ದು ಹೋದ. ನಿನ್ನ ಅವ್ವ ಇವತ್ತಿಗೂ ಅಣ್ಣನ ಮಗನ ಪರವೇ.

ಪಂಪು ಇಳಿಸುವ ಬಗೆಯಲ್ಲಿ ತಿಳಿಯಬೇಕಾದ್ದು ಇನ್ನೂ ಇದೆ. ತಿಳಿಯಬೇಕಾದವರು ತಮ್ಮ ಕೈಯಾರೆ ಒಂದು ಗೆರೆ ಬರೆದು ಕೇಳಿದರೆ ಹೇಳುತ್ತೇನೆ.

ನಿನ್ನ ಅಪ್ಪ
ಹೊನ್ನೂರಪ್ಪ


ಕದಿರೇಪಾಳ್ಯ
9 ಮಾರ್ಚ್ 1939

ಅಪ್ಪಾ,

ನೀರು ಬಂತು. ನಿಮ್ಮ ಕಾಗದವನ್ನು ನಾನು ಅಡುಗೆಮನೆಯಲ್ಲಿ ಅತ್ತೆಗೆ ಓದಿ ಹೇಳುತ್ತಿದ್ದೆ, ನಿಮ್ಮ ಅಳಿಯಂದಿರು ಬಾಗಿಲ ಹೊರಗೆ ನಿಂತು ಚಪ್ಪಲಿಯ ಮಣ್ಣು ಒದರುತ್ತಿದ್ದರು. "ಪಂಪು ಬಾವಿಗೆ ಇಳಿಯಬೇಕು" ಎಂಬಲ್ಲಿಗೆ ಬಂದಾಗ ಒದರುವುದು ನಿಂತಿತು. ಕೊನೆಯ ಸಾಲನ್ನೂ ಓದಿದೆ. ಮತ್ತೆ ಮಣ್ಣು ಒದರುವ ಸದ್ದು ಕೇಳಿತು, ಆಮೇಲೆ ಹೊರಟುಹೋದರು.

ಮಾರನೆಯ ದಿನವೇ ಎರ್ರಪ್ಪನನ್ನು ಕರೆದು ಬಾವಿಯೊಳಗೆ ನೀರಿನ ಹತ್ತಿರ ಬಂಡೆ ಕಡಿಸಿ ಜಾಗ ಮಾಡಿಸಲು ಶುರುಮಾಡಿದರು. ನಾನು, "ಇನ್ನೂ ಏನೋ ಐತಂತ, ಒಂದು ಗೆರೆ ಬರೀಬಾರದಾ" ಎಂದು ಕೇಳಿದ್ದಕ್ಕೆ, "ಇಳಿಸ್ಬೇಕು ಅಂತ ಗೊತ್ತಾಯ್ತಲ್ಲ, ಇಳಿಸೋದು ನಮಗೆ ಬತ್ತೈತೆ ಬುಡು" ಎಂದರು. ಹಗ್ಗ ಕಟ್ಟಿ ಇಳಿಸಿದರು. ಮೊದಲ ನೀರು ಕೆಂಪಗೆ ಬಂತು, ಆಮೇಲೆ ತಿಳಿಯಾಯಿತು. ಕಾಲುವೆಯಲ್ಲಿ ಅದರ ಜೊತೆಗೇ ಓಡಿ ತೋಟದ ಕೊನೆಯ ಸಾಲಿನ ತನಕ ಹೋದರು, ಪಂಚೆಯೆಲ್ಲ ಒದ್ದೆ. ಸದ್ದನ್ನೇ ಹೊಲಕ್ಕೆ ಬಿಡು ಎಂದವರನ್ನು ಕರೆಸಿ ಆ ನೀರಿನಲ್ಲೇ ಕೈಕಾಲು ತೊಳೆಸಿದರು.

ನಿಮ್ಮ ಹೆಸರು ಹೇಳಲಿಲ್ಲ. ಆದರೆ ರಾತ್ರಿ ಊಟಕ್ಕೆ ಕೂತಾಗ, "ಗಾಳಿಗೂ ತೂಕ ಐತೆ ಅನ್ನೋದು ನಂಗೆ ಗೊತ್ತೇ ಇರ್ಲಿಲ್ಲ ಕಣೆ" ಎಂದರು. ಇದನ್ನು ನಿಮಗೆ ಬರೆಯಬೇಡ ಎಂದೂ ಹೇಳಿದ್ದಾರೆ.

ನನಗೆ ಇನ್ನೊಂದು ಕುತೂಹಲ. ಬಾವಿಯಲ್ಲಿ ಕೆಟ್ಟ ಗಾಳಿ ಸೇರುತ್ತದೆ ಎಂದು ಎರ್ರಪ್ಪ ಹೇಳುತ್ತಾನೆ. ನಿಮ್ಮ ಕಾರ್ಖಾನೆಯಲ್ಲೂ ಕೆಟ್ಟ ಗಾಳಿ ಇದೆಯಲ್ಲ, ಅದು ನಿಮಗೆ ಹೇಗೆ ಗೊತ್ತಾಗುತ್ತದೆ?

ಆದಿಲಕ್ಷ್ಮಿ


ರಾಯದುರ್ಗ
15 ಮಾರ್ಚ್ 1939

ಮಗಳೇ,

ಕಾರ್ಡಿನಲ್ಲಿ ಹಿಡಿಸುವಷ್ಟೇ ಬರೆಯುತ್ತೇನೆ, ಐಸಿನ ಕಾಲ ಬಂತು. ಇಲ್ಲಿಯ ಕೋಟೆಯ ಬಂಡೆಗಳು ಈಗಲೇ ಸಂಜೆಯ ತನಕ ಬಿಸಿಲಿಗೆ ಕಾದಿರುತ್ತವೆ. ನೀರು ಬಂದದ್ದು ಸಂತೋಷ. ಯಾರು ಇಳಿಸಿದರು ಎಂದು ನಾನು ಕೇಳುವುದಿಲ್ಲ.

ನಮ್ಮಲ್ಲಿರುವುದು ಅಮೋನಿಯಾ. ಅದನ್ನು ಕಂಪ್ರೆಸರಿನಲ್ಲಿ ಒತ್ತಿದರೆ ಕಾಯುತ್ತದೆ. ಆ ಕಾವನ್ನು ನೀರು ಹಾಯಿಸಿ ತೆಗೆದು, ಆಮೇಲೆ ಸಡಿಲ ಬಿಟ್ಟರೆ ಉಪ್ಪುನೀರನ್ನೂ ಕೊರೆಯುವಂತೆ ತಣ್ಣಗೆ ಮಾಡುತ್ತದೆ. ಒತ್ತಿದರೆ ಬಿಸಿ, ಬಿಟ್ಟರೆ ತಂಪು, ಥೇಟ್ ನಿಮ್ಮಪ್ಪನೇ ಎಂದು ನಿನ್ನ ಅವ್ವನ ಅಭಿಪ್ರಾಯ. ಅದು ಒಂದು ತೊಟ್ಟು ಸೋರಿದರೂ ಮೂಗು ಕಿತ್ತುಹೋಗುತ್ತದೆ, ಕಣ್ಣಲ್ಲಿ ನೀರು ಸುರಿಯುತ್ತದೆ. ಕೆಟ್ಟ ಗಾಳಿ ಹೇಳಿಯೇ ಬರುತ್ತದೆ, ಹೆದರಬೇಡ.

ಹೊನ್ನೂರಪ್ಪ


ಕದಿರೇಪಾಳ್ಯ
8 ಏಪ್ರಿಲ್ 1939

ಅಪ್ಪಾ,

ತೋಟ ನೋಡಿದರೆ ನೀವು ನಂಬಲಾರಿರಿ. ಕೊನೆಯ ಸಾಲಿನಲ್ಲೂ ಅಂಗೈ ಅಗಲದ ಎಲೆ. ಹುಳುಗಳು ಮೂರನೆಯ ಸಲ ಪೊರೆ ಕಳಚುವ ಜ್ವರ ದಾಟಿ ತಿನ್ನುತ್ತಿವೆ, ಅವು ಮೇಯುವ ಸದ್ದು ಹಜಾರದ ತನಕ ಕೇಳುತ್ತದೆ. ನಿಮ್ಮ ಅಳಿಯಂದಿರಿಗೆ ಮಾತ್ರ ಈಚೆಗೆ ಸಂಜೆಯಾದರೆ ತಲೆನೋವು. ಬಿಸಿಲು ಎನ್ನುತ್ತಾರೆ. ನಿನ್ನೆ ಬಾವಿಯಿಂದ ಮೇಲೆ ಬಂದವರು ಅಂಗಳದಲ್ಲಿ ವಾಂತಿ ಮಾಡಿಕೊಂಡರು. ಅತ್ತೆ ದೃಷ್ಟಿ ತೆಗೆದರು.

ಎತ್ತು ಮಾರುವ ಮಾತು ಮತ್ತೆ ಎದ್ದಿದೆ. "ಎಂಜಿನ್ನು ಇರೋವಾಗ ಅವಕ್ಕೆ ಯಾಕೆ ಮೇವು ಹಾಕ್ಬೇಕು, ಕಪಿಲೆ ಮರಾನೂ ಬಿಚ್ಚಿಬುಡಾನ" ಎನ್ನುತ್ತಾರೆ. ಬೇಸಿಗೆ ಮುಗಿಯುವ ತನಕ ಬಿಚ್ಚಬಾರದು ಎಂದು ನಾನು ಪಟ್ಟು ಹಿಡಿದಿದ್ದೇನೆ. "ನಿಮ್ಮಪ್ಪ ಅಂದ್ರಂತ ತಾನೇ" ಎಂದು ಗೊಣಗಿದರು, ಬಿಚ್ಚಲಿಲ್ಲ.

ಇನ್ನೊಂದು ಸಣ್ಣ ವಿಷಯ. ನಮ್ಮ ಬಾವಿಯ ಗೋಡೆಯ ಪೊಟರೆಗಳಲ್ಲಿ ಪಾರಿವಾಳಗಳು ಇದ್ದವು. ನಾನು ಮದುವೆಯಾಗಿ ಬಂದಾಗ ಈ ಮನೆಯಲ್ಲಿ ನನಗೆ ಮೊದಲು ಗುರುತಾದದ್ದು ಅವುಗಳ ಗುಟುರು. ಎಂಜಿನ್ನು ಇಳಿದ ಮೇಲೆ ಸದ್ದಿಗೆ ಹೆದರಿ ಬಹಳಷ್ಟು ಹಾರಿಹೋದವು. ಒಂದು ಜೋಡಿ ಮಾತ್ರ ಮೊಟ್ಟೆ ಬಿಟ್ಟು ಹೋಗಲಾರದೆ ಉಳಿದಿತ್ತು. ನಿನ್ನೆ ನೋಡಿದರೆ ಎರಡೂ ಎಂಜಿನ್ನಿನ ಪಕ್ಕದಲ್ಲೇ ಸತ್ತು ಬಿದ್ದಿದ್ದವು. ಮೈಮೇಲೆ ಒಂದು ಗಾಯವಿಲ್ಲ.

ಕೆಟ್ಟ ಗಾಳಿ ಇರಬಹುದೇ ಎಂದು ಎರ್ರಪ್ಪನನ್ನು ಕೇಳಿದೆ. ಅವನು ದಿನವೂ ಮೊದಲು ಹಗ್ಗಕ್ಕೆ ದೀಪ ಕಟ್ಟಿ ಇಳಿಸುತ್ತಾನೆ. ಆರಿದರೆ ಯಾರೂ ಇಳಿಯುವಂತಿಲ್ಲ, ಉರಿದರೆ ಇಳಿಯಬಹುದು. "ದೀಪ ಉರೀತೈತೆ ಅಂದ್ರೆ ಗಾಳಿ ಸರಿಯಾಗೈತೆ ಅಂತ್ಲೇ ತಾಯಿ. ನಮ್ಮಪ್ಪನ ಕಾಲದಿಂದ್ಲೂ ಇದೇ" ಎಂದ. ಹಾಗೆಂದು ಹೇಳುವಾಗಲೂ ಸತ್ತ ಹಕ್ಕಿಗಳ ಪಕ್ಕದಲ್ಲಿ ದೀಪ ಉರಿಯುತ್ತಲೇ ಇತ್ತು. ನೀವು ಬರೆದಂತೆ ಮೂಗಿಗೂ ಏನೂ ಬಡಿಯುವುದಿಲ್ಲ, ಎಂಜಿನ್ನಿನ ಹೊಗೆಯ ವಾಸನೆ ಬಿಟ್ಟರೆ. ಹಾಗಾಗಿ ಯಾವುದೋ ರೋಗ ಇರಬೇಕು ಎಂದುಕೊಂಡೆ. ಮೊಟ್ಟೆಗಳನ್ನು ಏನು ಮಾಡುವುದೋ ತಿಳಿಯಲಿಲ್ಲ.

ಆದಿಲಕ್ಷ್ಮಿ


ರಾಯದುರ್ಗ
12 ಏಪ್ರಿಲ್ 1939

ಆದಿಲಕ್ಷ್ಮಿ,

ಎಂಜಿನ್ನನ್ನು ನಿಲ್ಲಿಸಿ. ಇಷ್ಟೇ ಮಾತನ್ನು ಈಗ ಅಂಚೆ ಕಚೇರಿಗೆ ಓಡಿಹೋಗಿ ತಂತಿ ಕೊಟ್ಟು ಬಂದೆ. ಕಾಗದ ಆಮೇಲೆ ತಲುಪುತ್ತದೆ, ಆದರೂ ಬರೆಯದೆ ಇರಲಾರೆ.

ಪಂಪು ಇಳಿಸಿ ಎಂದೆ. ನೀವು ಎಂಜಿನ್ನನ್ನೂ ಇಳಿಸಿದ್ದೀರಿ. ಎರಡೂ ಒಂದೇ ಅಡಿಗಟ್ಟಿನ ಮೇಲೆ ಇವೆ ಎಂದು ನೀನು ಮೊದಲ ಕಾಗದದಲ್ಲೇ ಬರೆದಿದ್ದೆ, ನಾನು ಓದಿದ್ದೆ. ಬಿಡಿಸಿ ಪಂಪು ಮಾತ್ರ ಇಳಿಸಬೇಕು, ಎಂಜಿನ್ನು ದಡದ ಮೇಲೆಯೇ ಇದ್ದು ಉದ್ದ ಬೆಲ್ಟಿನಿಂದ ಕೆಳಗಿನ ಪಂಪನ್ನು ತಿರುಗಿಸಬೇಕು. ನಾನು ಬರೆಯದೆ ಉಳಿಸಿಕೊಂಡದ್ದು ಇದೇ ಮಾತು. ನಿನ್ನ ಗಂಡನೇ ಕೇಳಲಿ ಎಂದು ಇಟ್ಟುಕೊಂಡೆ. ಎಂಥ ಮಾತನ್ನು ಇಟ್ಟುಕೊಂಡು ಕೂತಿದ್ದೆ ನೋಡು.

ಎಂಜಿನ್ನಿನ ಹೊಗೆಯಲ್ಲಿ ಒಂದು ಗಾಳಿ ಇರುತ್ತದೆ. ಅದಕ್ಕೆ ತನ್ನದೇ ಬಣ್ಣವಿಲ್ಲ, ವಾಸನೆ ಇಲ್ಲ. ನಮ್ಮ ಎಂಜಿನ್ನಿನ ಹೊಗೆಕೊಳವೆಯನ್ನು ಛಾವಣಿಯ ಮೇಲಕ್ಕೆ ಒಯ್ದಿರುವುದು ಅದಕ್ಕೇ. ಇಲ್ಲಿ ಅದು ಆಕಾಶಕ್ಕೆ ಹೋಗುತ್ತದೆ, ನಿಮ್ಮ ಬಾವಿಯಲ್ಲಿ ಎಲ್ಲಿಗೆ ಹೋಗಬೇಕು? ಎರ್ರಪ್ಪ ಸುಳ್ಳು ಹೇಳಿದವನಲ್ಲ. ಪಾಳುಬಾವಿಯ ಗಾಳಿಗೆ ದೀಪ ಆರುತ್ತದೆ. ಈ ಗಾಳಿಗೆ ದೀಪ ಆರುವುದಿಲ್ಲ, ಮನುಷ್ಯ ಆರುತ್ತಾನೆ. ಮೊದಲು ತಲೆನೋವು, ಆಮೇಲೆ ವಾಂತಿ, ಆಮೇಲೆ ಕೂತಲ್ಲೇ ನಿದ್ದೆ ಬಂದಂತೆ. ಮೂಗಿಗೆ ಹೇಳಿಯೇ ಬರುತ್ತದೆ ಎಂದು ಬರೆದವನು ನಾನು. ಅದು ಅಮೋನಿಯಾದ ಮಾತು. ಬಾವಿಯ ಬಗ್ಗೆ ಕೇಳಿದವಳಿಗೆ ನಾನು ನನ್ನ ಕಾರ್ಖಾನೆಯ ಉತ್ತರ ಕೊಟ್ಟೆ.

ನಿನ್ನ ಕಾಗದ ಓದಿ ಹೇಳಿದ ಕೂಡಲೇ ನಿನ್ನ ಅವ್ವ ಎದ್ದಳು. ನೇಮಕಲ್ಲಿನ ಆಂಜನೇಯನಿಗೆ ಮುಡಿಪು ಕಟ್ಟಿಟ್ಟಳು. ಕಟ್ಟುವಾಗ ಒಂದೇ ಮಾತು ಅಂದಳು, "ನನ್ನ ಅಣ್ಣನ ಮಗಂಗೆ ಏನಾರ ಆದ್ರೆ ನಾನು ನಿಮ್ಮನ್ನ ಮಾತಾಡ್ಸಾಕಿಲ್ಲ."

ಎಂಜಿನ್ ಮನೆ ನೋಡಿಕೊಳ್ಳಲು ಇಲ್ಲಿ ನಾನೊಬ್ಬನೇ. ಬಳ್ಳಾರಿಯಿಂದ ಬದಲಿ ಆಳು ಸೋಮವಾರಕ್ಕೆ ಬರುತ್ತಾನೆ. ಅವನು ಬಂದ ಗಳಿಗೆಯೇ ಹೊರಡುತ್ತೇನೆ. ನಿನ್ನ ಗಂಡ ನನ್ನ ಮುಖ ನೋಡದಿದ್ದರೂ ಸರಿ. ಅಲ್ಲಿಯವರೆಗೆ ಯಾರೂ ಇಳಿಯಬೇಡಿ. ಮಗಳೇ, ಅವನ ಕಾಲು ಕಟ್ಟಿಯಾದರೂ ಕೂರಿಸು.

ಅಪ್ಪ


ಕದಿರೇಪಾಳ್ಯ
14 ಏಪ್ರಿಲ್ 1939

ಅಪ್ಪಾ,

ಮೊದಲೇ ಹೇಳಿಬಿಡುತ್ತೇನೆ, ಅವರು ಬದುಕಿದ್ದಾರೆ. ತಂತಿಗೆ ತಂತಿಯಲ್ಲೇ ಉತ್ತರ ಕೊಟ್ಟಿದ್ದೇವೆ, ಅದು ತಲುಪಿರಬೇಕು. ನಡೆದದ್ದನ್ನೆಲ್ಲ ಈಗ ಬರೆಯುತ್ತೇನೆ.

ಮಂಗಳವಾರ ಬೆಳಿಗ್ಗೆ ಎರ್ರಪ್ಪ ದೀಪ ಇಳಿಸಿ ನೋಡಿದ, ಉರಿಯಿತು. ಇವರು ಇಳಿದು ಎಂಜಿನ್ನು ಹೊರಡಿಸಿದರು. ನಾನು ರೊಟ್ಟಿ ಕಟ್ಟಿಕೊಂಡು ಬರುವ ಹೊತ್ತಿಗೂ ಮೇಲೆ ಬಂದಿರಲಿಲ್ಲ. ಬಗ್ಗಿ ನೋಡಿದೆ. ಎಂಜಿನ್ನು ಓಡುತ್ತಿತ್ತು, ದೀಪ ಉರಿಯುತ್ತಿತ್ತು, ಇವರು ಬಂಡೆಗೆ ಒರಗಿ ಕೂತಿದ್ದರು. ಕೂಗಿದೆ. ತಲೆ ಎತ್ತಲಿಲ್ಲ, ಕೈ ಮಾತ್ರ ಸ್ವಲ್ಪ ಎತ್ತಿ ಬಿಟ್ಟರು.

ಎರ್ರಪ್ಪ, "ಬಿಸ್ಲಿಗೆ ತಲೆ ತಿರುಗೈತೆ, ನಾನು ಇಳೀತೀನಿ ತಡಿ" ಎಂದು ಕಾಲು ಇಟ್ಟೇಬಿಟ್ಟ. ನಾನು ಅವನ ತೋಳು ಹಿಡಿದೆ. "ಎರ್ರಪ್ಪಣ್ಣ, ಸುಮ್ಮನ ಇಳೀಬ್ಯಾಡ. ಸತ್ತ ಪಾರಿವಾಳದ ಬಾಜೂನೂ ದೀಪ ಉರೀತಿತ್ತು" ಎಂದೆ. ಅದು ಹೇಗೆ ಆ ಹೊತ್ತಿಗೆ ನೆನಪಾಯಿತೋ ಕಾಣೆ. ಅವನು ದೀಪ ನೋಡಿದ, ನನ್ನ ಮುಖ ನೋಡಿದ. ಹುಟ್ಟಿದಾಗಿನಿಂದ ನಂಬಿದ್ದ ದೀಪ ಅದು, ಅಪ್ಪಾ. ಆದರೂ ನನ್ನ ಮಾತು ಕೇಳಿದ. ಪಕ್ಕದಲ್ಲೇ ಕಟ್ಟಿದ್ದ ಎತ್ತುಗಳನ್ನು ಕಪಿಲೆಗೆ ಹೂಡಿ, ತೊಗಲು ಬಾನೆಯನ್ನು ಮೊದಲು ಬಂಡೆಯ ತನಕ ಇಳಿಬಿಟ್ಟೆವು. ಅವನು ಎದೆ ತುಂಬ ಉಸಿರು ಹಿಡಿದು ಮೆಟ್ಟಿಲು ಇಳಿದು, ಇವರನ್ನು ಬಾನೆಯೊಳಕ್ಕೆ ಉರುಳಿಸಿ, ತಿರುಗಿ ಓಡಿ ಹತ್ತಿದ. ಅರ್ಧ ಹತ್ತಿ ಉಸಿರು ಬಿಟ್ಟು, "ಎತ್ತು ಹೊಡಿ ತಾಯಿ" ಎಂದು ಕೂಗಿದ.

ಕಪಿಲೆ ಎತ್ತು ಹೊಡೆಯುವುದು ಹೆಂಗಸರ ಕೆಲಸವಲ್ಲ. ನಾನು ಅವುಗಳಿಗೆ ಮೇವು ಹಾಕಿದ್ದೇನೆ, ಕಲಗಚ್ಚು ಕುಡಿಸಿದ್ದೇನೆ. ಇಳಿಜಾರಿನಲ್ಲಿ ಅವು ಇವರ ದನಿಗೆ ಮಾತ್ರ ನಡೆಯುತ್ತವೆ. ನಾನು ಕೂಗಿದರೆ ಮೇವು ತಂದಳೆಂದು ತಿರುಗಿ ನೋಡಿದವು. ಬೆನ್ನಿಗೆ ಹೊಡೆದೆ, ಕದಲಲಿಲ್ಲ. ಕೊನೆಗೆ ಎರಡರ ಬಾಲವನ್ನೂ ಎರಡು ಕೈಯಲ್ಲಿ ಹಿಡಿದು, ಇವರು ತಿರುವುವುದನ್ನು ನೋಡಿದ್ದೆನಲ್ಲ, ಹಾಗೆ ತಿರುವಿದೆ. ಒಮ್ಮೆಗೇ ಹೊರಟವು. ಇಳಿಜಾರಿನ ಕೊನೆಯ ತನಕ ಬಾಲ ಬಿಡಲಿಲ್ಲ. ತಿರುಗಿ ನೋಡಿದರೆ ನೀರು ಸುರಿಯುವ ತೊಟ್ಟಿಯ ಹತ್ತಿರ ಎರ್ರಪ್ಪ ಇವರನ್ನು ಬಾನೆಯಿಂದ ಎಳೆದುಕೊಳ್ಳುತ್ತಿದ್ದ. ಗಾಳಿ ಬರುವಲ್ಲಿ ಮಲಗಿಸಿದೆವು. ಬಹಳ ಹೊತ್ತಿನ ಮೇಲೆ ಕಣ್ಣು ಬಿಟ್ಟರು. ಎಂಜಿನ್ನು ಎಣ್ಣೆ ಮುಗಿದು ತಾನಾಗಿ ನಿಂತಿತು.

ಅಪ್ಪಾ, ಆಯುಧಪೂಜೆಯ ದಿನ ನೀವು ಅಂದ ಮಾತು ನನಗೆ ಆಮೇಲೆ ನೆನಪಾಯಿತು. ಎತ್ತಿನ ಬಾಲ ತಿರುವುವ ಕೈಯಿಂದಲೇ ನನ್ನ ತಾಳಿ ಉಳಿಯಿತು. ಕೋಪದಿಂದ ಬರೆಯುತ್ತಿಲ್ಲ. ಕಪಿಲೆ ಬಿಚ್ಚಬೇಡಿ ಎಂದವರೂ ನೀವೇ. ಅದು ಬಿಚ್ಚಿದ್ದಿದ್ದರೆ ಬಾಲ ತಿರುವಿ ಏನು ಫಲವಿತ್ತು?

ನಿಮ್ಮ ತಂತಿ ಗುರುವಾರ ಬಂತು. ನಮ್ಮ ಊರಿಗೆ ತಂತಿ ಬಂದರೆ ಸಾವಿಗೇ. ಓದಿಸುವ ಮೊದಲೇ ಅತ್ತೆ ಗೋಳೋ ಎಂದು ಕೂತರು, ರಾಯದುರ್ಗದಲ್ಲಿ ನೀವೇ ಹೋದಿರಿ ಎಂದು. ನಾಲ್ಕು ಮನೆಯ ಹೆಂಗಸರು ಬಂದು ಜೊತೆಗೂಡಿದರು. ಏಳಬಾರದು ಎಂದು ಮಲಗಿಸಿದ್ದ ನಿಮ್ಮ ಅಳಿಯಂದಿರು ಎದ್ದು ಬಂದು, ಗೋಡೆ ಹಿಡಿದುಕೊಂಡು, "ಗಾಡಿ ಕಟ್ರೋ" ಎಂದು ಅತ್ತರು. ಅವರು ಅತ್ತದ್ದನ್ನು ನಾನು ಮೊದಲ ಸಲ ನೋಡಿದೆ. ಇಂಗ್ಲಿಷಿನಲ್ಲಿದ್ದ ತಂತಿಯನ್ನು ಶಾಲೆ ಮೇಷ್ಟರು ಓದಿ ಹೇಳಿದ ಮೇಲೆ ಅಳು ನಿಂತಿತು.

ಅವ್ವನಿಗೆ ಹೇಳಿ, ಅವಳ ಮುಡಿಪು ನಾವೇ ಬಂದು ತೀರಿಸುತ್ತೇವೆ. ನೀವು ಈಗಲೇ ಗಾಬರಿಯಾಗಿ ಹೊರಡಬೇಡಿ. ಇವರು ಮಂಚದ ಮೇಲೆ ಕೂತು ಏನೋ ಬರೆಯುತ್ತಿದ್ದಾರೆ, ಹರಿಯುತ್ತಿದ್ದಾರೆ.

ಆದಿಲಕ್ಷ್ಮಿ


ರಾಯದುರ್ಗ
18 ಏಪ್ರಿಲ್ 1939

ಮಗಳೇ,

ನಿಮ್ಮ ತಂತಿ ಕಂಡು ಪ್ರಯಾಣ ತಡೆದಿದ್ದೆ, ನಿನ್ನ ಕಾಗದವನ್ನು ಎಂಜಿನ್ ಮನೆಯಲ್ಲಿ ನಿಂತೇ ಓದಿದೆ. ಓದಿ ಅತ್ತುಬಿಟ್ಟೆ. ನನ್ನ ಕಣ್ಣು ನೋಡಿದ ಆಳುಗಳು ಅಮೋನಿಯಾ ಸೋರುತ್ತಿದೆ ಎಂದು ಓಡಿಬಂದು ವಾಲ್ವುಗಳನ್ನೆಲ್ಲ ಹುಡುಕಿದರು. ಒಬ್ಬನು, "ಎಲ್ಲಿ ಸೋರಾಕ ಹತ್ತೈತ್ರಿ" ಎಂದು ಕೇಳಿದ. ನೋಡ್ರಿ, ಅಲ್ಲೆಲ್ಲೋ ಐತಿ ಎಂದೆ. ಪಾಪ, ಮಧ್ಯಾಹ್ನದ ತನಕ ಹುಡುಕಿದರು.

ಎರ್ರಪ್ಪನಿಗೆ ನಾನು ಕೈಮುಗಿದೆನೆಂದು ಹೇಳು. ನಂಬಿದ ದೀಪವನ್ನು ಬಿಟ್ಟು ಒಬ್ಬ ಹೆಣ್ಣುಮಗಳ ಮಾತು ಕೇಳುವುದು ಸಣ್ಣ ಕೆಲಸವಲ್ಲ, ನನ್ನಿಂದ ಆಗುತ್ತಿರಲಿಲ್ಲ.

ನಿನ್ನ ಗಂಡನಿಗೆ ಕಾಗದ ಬರೆಯೋಣ ಎಂದು ಕೂತೆ. ನಾಲ್ಕು ಸಲ ಶುರುಮಾಡಿದೆ. ಒಮ್ಮೆ ಬೆಲ್ಟಿನ ಅಳತೆಯಿಂದ ಶುರುವಾಗುತ್ತದೆ, ಒಮ್ಮೆ ಬೈಗುಳದಿಂದ. ಆ ದಿನ ಅಷ್ಟು ಜನರ ಮುಂದೆ ಅವನನ್ನು ಸಣ್ಣವನಾಗಿಸಿದೆ, ನನ್ನ ಮಾತು ತಪ್ಪು. ಇಷ್ಟು ಬರೆಯಲು ಅವನ ಕಾಗದದಲ್ಲಿ ನನ್ನ ಕೈ ಓಡಲಿಲ್ಲ, ನಿನ್ನ ಕಾಗದದಲ್ಲಿ ಓಡಿತು. ನಿನ್ನ ಅವ್ವ ನೋಡುತ್ತ ಕೂತಿದ್ದಾಳೆ. ಇಲ್ಲಿ ಬಂದು ಇಷ್ಟು ವರ್ಷವಾದರೂ ತನ್ನ ಊರಿನ ಮಾತು ಬಿಟ್ಟಿಲ್ಲ, "ವಾಲ್ವು ಬಿಗಿಯಾಕೆ ಬತ್ತೈತೆ, ಬಾಯಿ ಬಿಗಿಯಾಕೆ ಬರಾಕಿಲ್ಲ, ಬಿಡಿಸಾಕೂ ಬರಾಕಿಲ್ಲ" ಎನ್ನುತ್ತಾಳೆ.

ಈ ಕಾಗದವನ್ನು ಅಡುಗೆಮನೆಯಲ್ಲಿ ಗಟ್ಟಿಯಾಗಿ ಓದು. ಬಾಗಿಲ ಹೊರಗೆ ಯಾರಾದರೂ ಚಪ್ಪಲಿ ಒದರುತ್ತಿದ್ದರೆ ಇನ್ನೊಮ್ಮೆ ಓದು.

ಅಪ್ಪ


ಕದಿರೇಪಾಳ್ಯ
27 ಏಪ್ರಿಲ್ 1939

ಮಾವನವರಿಗೆ ಸಣ್ಣತಿಮ್ಮಪ್ಪನ ನಮಸ್ಕಾರಗಳು.

ನನಗೆ ಕಾಗದ ಬರೆದು ಅಭ್ಯಾಸವಿಲ್ಲ, ತಪ್ಪಿದ್ದರೆ ತಿದ್ದಿಕೊಳ್ಳಿ. ಹಿಂದೆ ಬಂದ ಪ್ರಶ್ನೆಗಳು ನನ್ನವು. ನಿಮಗೆ ಗೊತ್ತಿತ್ತು, ನಿಮಗೆ ಗೊತ್ತಿದೆ ಎಂದು ನನಗೂ ಗೊತ್ತಿತ್ತು. ಒಂದು ಗೆರೆ ಬರೆಯಲು ನನಗೆ ಏನು ಬಂದಿತ್ತು ರೋಗ ಎಂದು ಮಲಗಿಕೊಂಡು ಯೋಚಿಸಿದೆ.

ತಂತಿ ಬಂದ ದಿನ ನೀವು ಹೋದಿರೆಂದೇ ತಿಳಿದೆ. ಊಟ ಬಿಟ್ಟು ಎದ್ದುಬಂದದ್ದೇ ನಾನು ನಿಮ್ಮ ಮನೆಯಲ್ಲಿ ಮಾಡಿದ ಕೊನೆಯ ಕೆಲಸ ಎಂದು ಅಳು ಬಂತು. ಆಯುಧಪೂಜೆಯ ದಿನ ಅತ್ತೆ ಎಲೆಗೆ ಬಡಿಸಿದ್ದು ಹೋಳಿಗೆ. ಇನ್ನೂ ಕಣ್ಣಿಗೆ ಕಟ್ಟಿದೆ.

ಎಂಜಿನ್ನನ್ನು ಮೇಲೆ ತಂದಾಯಿತು. ಹಗ್ಗದಲ್ಲಿ ಬೆಂಕಿಗೂಡು ಕಟ್ಟಿ ಇಳಿಸಿ, ಬೇವಿನ ಕೊಂಬೆ ಮೇಲೆ ಕೆಳಗೆ ಆಡಿಸಿ, ಕಮ್ಮಾರರ ತಿದಿ ತಂದು ಊದಿ, ಮೂರು ದಿನ ಗಾಳಿ ತೆಗೆದೆವು. ಎರ್ರಪ್ಪ ಈಗ ದೀಪದ ಜೊತೆಗೆ ಗೂಡಿನಲ್ಲಿ ಒಂದು ಕೋಳಿಮರಿಯನ್ನೂ ಇಳಿಸುತ್ತಾನೆ. ಪಾರಿವಾಳ ಒಂದೆರಡು ಬಂದು ನೋಡಿಕೊಂಡು ಹೋದವು. ತೋಟ ಉಳಿದಿದೆ, ಅರ್ಧಕ್ಕೆ ಕಪಿಲೆಯಲ್ಲೇ ಹಾಯಿಸುತ್ತಿದ್ದೇನೆ. ಹುಳುಗಳಿಗೆ ಈ ಸಲಕ್ಕೆ ಎಲೆ ಸಾಕು.

ಈಗ ನನ್ನ ಪ್ರಶ್ನೆ. ಬೆಲ್ಟು ಹಿಂದೂಪುರದಲ್ಲಿ ಸಿಕ್ಕಿದೆ. ದಡದಿಂದ ಬಂಡೆಯ ತನಕ ಬಿಡಬೇಕು. ಎಷ್ಟು ಬಿಗಿ ಇರಬೇಕು ಎಂದು ಅಂಗಡಿಯವನನ್ನು ಕೇಳಿದರೆ, ಸಡಿಲವಾದರೆ ಜಾರುತ್ತದೆ, ಹೆಚ್ಚು ಬಿಗಿದರೆ ಬೇರಿಂಗು ಸುಡುತ್ತದೆ, ಕೈಯಲ್ಲಿ ಒತ್ತಿ ನೋಡಿದರೆ ಗೊತ್ತಾಗುತ್ತದೆ ಎಂದ. ಯಾರ ಕೈ ಎಂದು ಹೇಳಲಿಲ್ಲ. ನನ್ನ ಕೈಗೆ ಅದಿನ್ನೂ ಗೊತ್ತಿಲ್ಲ. ಇದು ಕಾಗದದಲ್ಲಿ ಬರೆದು ತಿಳಿಸುವ ವಿಷಯವಲ್ಲ ಎಂದು ನಿಮ್ಮ ಮಗಳೂ ಹೇಳುತ್ತಾಳೆ.

ಅತ್ತೆಯನ್ನೂ ಕರೆದುಕೊಂಡು ಬನ್ನಿ. ಯಾವ ರೈಲೆಂದು ತಿಳಿಸಿದರೆ ಹಿಂದೂಪುರ ಸ್ಟೇಷನ್ನಿಗೆ ಗಾಡಿ ಕಟ್ಟಿಕೊಂಡು ಬಂದಿರುತ್ತೇನೆ. ಗಾಡಿಗೆ ಅವೇ ಎತ್ತುಗಳು. ಬಾಲ ತಿರುವುವುದು ನಾನೇ, ನೀವು ಪಕ್ಕದಲ್ಲಿ ಕೂತರೆ ಸಾಕು.

ನಿಮ್ಮ ಅಳಿಯ
ಸಣ್ಣತಿಮ್ಮಪ್ಪ